ಹಳೆಯ ಕಾರಿನ ಮ್ಯಾನಿಫೋಲ್ಡ್‌ಗೆ ಹೊಸ ಕಾರ್ಬ್ಯುರೇಟರ್: ಕೂರಿಸುವುದರಿಂದ ಟ್ಯೂನಿಂಗ್‌ವರೆಗೆ

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಹೊಸದು ಹಾಕಿದ ಮೇಲೂ ಕಾರು ಮುಗ್ಗರಿಸಿದರೆ ಹೆಚ್ಚಿನವರು ಮೊದಲು ಕೈ ಹಾಕುವುದು ಜೆಟ್‌ಗಳಿಗೆ, ಎಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡುಗಳಿಗೆ. ಒಂದು ಸೈಜ್ ದೊಡ್ಡದು, ಒಂದು ಸೈಜ್ ಚಿಕ್ಕದು ಎಂದು ತಿಂಗಳುಗಟ್ಟಲೆ ಬದಲಿಸುತ್ತಾರೆ. ನಾನು ಕಂಡ ಹಾಗೆ ತಪ್ಪು ಇರುವುದು ಹೆಚ್ಚಾಗಿ ಜೆಟ್‌ನಲ್ಲಲ್ಲ. ಅದಕ್ಕಿಂತ ನಾಲ್ಕು ಬೆರಳು ಕೆಳಗೆ, ಕಾರ್ಬ್ಯುರೇಟರ್ ಮತ್ತು ಮಿಶ್ರಣವನ್ನು ಸಿಲಿಂಡರ್‌ಗಳಿಗೆ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಂದಕ್ಕೊಂದು ಸೇರುವ ಆ ಸಪಾಟು ಜಾಗದಲ್ಲಿ. ಅಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಎಂಜಿನ್ ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಐಡ್ಲಿಂಗ್, ಎಂದರೆ ಪೆಡಲ್ ಒತ್ತದಿರುವಾಗಿನ ಎಂಜಿನ್ ಓಟ, ಸ್ಥಿರವಾಗುವುದಿಲ್ಲ. ಅದಕ್ಕಾಗಿಯೇ ಈ ಬರಹದಲ್ಲಿ ಹೆಚ್ಚಿನ ಜಾಗವನ್ನು ಆ ಜೋಡಣೆಗೆ ಮತ್ತು ಐಡ್ಲಿಂಗ್ ಹೊಂದಿಸುವುದಕ್ಕೆ ಕೊಟ್ಟಿದ್ದೇನೆ.

ಉದಾಹರಣೆಗೆ ವೆಬರ್ 32/36 ಮಾದರಿಯನ್ನು ಇಟ್ಟುಕೊಳ್ಳೋಣ. ಒಂದೇ ಕಾರ್ಬ್ಯುರೇಟರ್ ಇರುವ ನಾಲ್ಕು ಸಿಲಿಂಡರ್‌ನ ಹಳೆಯ ಕಾರುಗಳಿಗೆ, ಬಿಎಂಡಬ್ಲ್ಯೂ 2002 ಅಥವಾ ಡಾಟ್ಸನ್ 510ರಂಥವುಗಳಿಗೆ, ಜನ ಹೆಚ್ಚಾಗಿ ಹಾಕುವುದು ಇದನ್ನೇ. 32 ಮತ್ತು 36 ಎಂದರೆ ಎರಡು ಕೊಳವೆಗಳ ಬಾಯಿಯ ಅಗಲ, ಮಿಲಿಮೀಟರ್‌ಗಳಲ್ಲಿ. ಪೆಡಲ್ ಮೆಲ್ಲಗೆ ಒತ್ತಿದಾಗ 32ರದ್ದು ಮಾತ್ರ ತೆರೆಯುತ್ತದೆ. ಅದು ಅರ್ಧಕ್ಕಿಂತ ಹೆಚ್ಚು ತೆರೆದ ಮೇಲೆ 36ರದ್ದು ಜೊತೆಗೂಡುತ್ತದೆ. ವೆಬರ್ ಹೆಸರಿನ ಮೂಲವೂ ಇಂಥ ಕೆಲಸದಲ್ಲೇ ಇದೆ. ಎಡೊಆರ್ಡೊ ವೆಬರ್ 1923ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಕಂಪನಿ ಕಟ್ಟಿದ್ದು ಫಿಯಟ್ ಕಾರುಗಳಿಗೆ ಬದಲಿ ಕಾರ್ಬ್ಯುರೇಟರ್ ಕಿಟ್ ಮಾಡಿಕೊಡುತ್ತಲೇ. ನೀವು ಹಾಕುತ್ತಿರುವುದು ಅಮೆರಿಕದ ಹಾಲಿ (Holley) ಅಥವಾ ಎಡೆಲ್‌ಬ್ರಾಕ್ ಕಂಪನಿಯ ನಾಲ್ಕು ಬಾಯಿಯ ಕಾರ್ಬ್ಯುರೇಟರ್ ಆಗಿದ್ದರೂ ಕ್ರಮ ಇದೇ. ಅಂಕಿಗಳು ಬೇರೆಯಾಗುವ ಕಡೆ ಹೇಳುತ್ತಾ ಹೋಗುತ್ತೇನೆ.

## ಕೊಳ್ಳುವ ಮೊದಲು ಒಂದು ಲೆಕ್ಕ

ದೊಡ್ಡ ಕಾರ್ಬ್ಯುರೇಟರ್ ಹಾಕಿದರೆ ಹೆಚ್ಚು ಶಕ್ತಿ ಬರುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದು ಮೂಗಿಗಿಂತ ಮೂಗುತಿ ಭಾರವಾದ ಕಥೆ. ಕೊಳವೆ ಅಗಲವಾದಷ್ಟೂ ಗಾಳಿಯ ವೇಗ ತಗ್ಗುತ್ತದೆ. ವೇಗ ತಗ್ಗಿದರೆ ಪೆಟ್ರೋಲ್ ಹನಿಯಾಗಿ ಒಡೆಯುವುದಿಲ್ಲ, ಕಡಿಮೆ ವೇಗದಲ್ಲಿ ಕಾರು ಎಳೆಯುವುದೇ ಇಲ್ಲ.

ಎಷ್ಟು ಗಾಳಿ ಬೇಕು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ತಿ ಸಾಮರ್ಥ್ಯದಷ್ಟು ಗಾಳಿ ಎಳೆಯುತ್ತದೆ. 1.6 ಲೀಟರ್ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ 3000 × 1.6, ಅಂದರೆ 4800 ಲೀಟರ್. ವಾಸ್ತವದಲ್ಲಿ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. ಶೇ 85 ಎಂದು ಹಿಡಿದರೆ ಸುಮಾರು 4080 ಲೀಟರ್, ಕ್ಯೂಬಿಕ್ ಅಡಿಯಲ್ಲಿ 144. ಇದೇ ರೀತಿ 5.7 ಲೀಟರ್‌ನ ವಿ8 ಎಂಜಿನ್‌ಗೆ 5500 ಸುತ್ತಿನಲ್ಲಿ ಬೇಕಾಗುವುದು ಸುಮಾರು 470 ಕ್ಯೂಬಿಕ್ ಅಡಿ ಮಾತ್ರ. ದಿನನಿತ್ಯ ಓಡಿಸುವ ಅಂಥ ಕಾರಿಗೆ ನಿಮಿಷಕ್ಕೆ 750 ಕ್ಯೂಬಿಕ್ ಅಡಿಯ ಕಾರ್ಬ್ಯುರೇಟರ್ ಯಾಕೆ ಹೊಂದುವುದಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಹೋಲಿಸುವಾಗ ಒಂದು ಎಚ್ಚರ. ಅಮೆರಿಕದ ರೂಢಿಯಲ್ಲಿ ನಾಲ್ಕು ಬಾಯಿಯವನ್ನು 1.5 ಇಂಚು ಪಾದರಸದ ಒತ್ತಡ ವ್ಯತ್ಯಾಸದಲ್ಲಿ ಅಳೆಯುತ್ತಾರೆ, ಎರಡು ಬಾಯಿಯವನ್ನು 3 ಇಂಚಿನಲ್ಲಿ. ಎರಡು ಬಾಯಿಯದರ ಅಂಕಿಯನ್ನು 1.41ರಿಂದ ಭಾಗಿಸಿದ ಮೇಲೆಯೇ ಅದನ್ನು ನಾಲ್ಕು ಬಾಯಿಯದರ ಪಕ್ಕದಲ್ಲಿ ಇಟ್ಟು ನೋಡಬೇಕು.

ಕಿಟ್ ಕೊಳ್ಳುವಾಗ ಹೊಸ ಕಾರ್ಬ್ಯುರೇಟರ್ ಅನ್ನು ಹಳೆಯ ಮ್ಯಾನಿಫೋಲ್ಡ್‌ಗೆ ಹೊಂದಿಸುವ ಅಡಾಪ್ಟರ್ ಪ್ಲೇಟ್, ಸಂದು ಮುಚ್ಚುವ ಎಲ್ಲ ಗ್ಯಾಸ್ಕೆಟ್‌ಗಳು, ನಟ್ ಕೂರುವ ಸ್ಟಡ್‌ಗಳು, ಆಕ್ಸಿಲರೇಟರ್ ಲಿಂಕ್‌ನ ತುಂಡುಗಳು ಅದರಲ್ಲೇ ಇವೆಯೇ ಎಂದು ನೋಡಿ. ನಿಮ್ಮ ಊರಿನ ಹೊಗೆ ತಪಾಸಣೆಯ ನಿಯಮ ಕಾರ್ಬ್ಯುರೇಟರ್ ಬದಲಿಸಲು ಬಿಡುತ್ತದೆಯೇ ಎಂಬುದನ್ನೂ ಈಗಲೇ ತಿಳಿದುಕೊಳ್ಳಿ.

## ಎಂಜಿನ್ ಆರೋಗ್ಯವಾಗಿದೆಯೇ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಕಾರ್ಬ್ಯುರೇಟರ್ ವಿಷಯದಲ್ಲಿ ಆಗುವಷ್ಟು ಬೇರೆಲ್ಲೂ ಆಗುವುದಿಲ್ಲ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಸುಟ್ಟಿರುತ್ತದೆ, ಬೈಗುಳ ಕಾರ್ಬ್ಯುರೇಟರ್‌ಗೆ. ಆದ್ದರಿಂದ ಹಳೆಯದನ್ನು ಬಿಚ್ಚುವ ಮೊದಲೇ ಕಂಪ್ರೆಷನ್, ಟ್ಯಾಪೆಟ್ ಅಂತರ, ಪಾಯಿಂಟ್ ಅಂತರ, ಇಗ್ನಿಷನ್ ಟೈಮಿಂಗ್, ಪ್ಲಗ್‌ಗಳು ಇವಿಷ್ಟನ್ನೂ ಸರಿ ಮಾಡಿ. ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಡಬ್ಬಿಯ ಪೈಪನ್ನು ಬಾಯಿಯಿಂದ ಎಳೆದು ನೋಡಿ. ಗಾಳಿ ಹಿಡಿದು ನಿಲ್ಲದಿದ್ದರೆ ಒಳಗಿನ ಪೊರೆ ಹರಿದಿದೆ ಎಂದರ್ಥ.

ಮ್ಯಾನಿಫೋಲ್ಡ್‌ನೊಳಗಿನ ಎಳೆತವನ್ನು ಅಳೆಯುವ ಒಂದು ವ್ಯಾಕ್ಯೂಮ್ ಗೇಜ್ ಕೊಳ್ಳಿ. ಈ ಕೆಲಸದಲ್ಲಿ ಅದರಷ್ಟು ನಿಜ ಹೇಳುವ ಉಪಕರಣ ಇನ್ನೊಂದಿಲ್ಲ. ಸಾಮಾನ್ಯ ಕ್ಯಾಮ್‌ಶಾಫ್ಟ್ ಇರುವ, ಚೆನ್ನಾಗಿರುವ ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಸಮುದ್ರಮಟ್ಟದಲ್ಲಿ ಪಾದರಸದ 17ರಿಂದ 21 ಇಂಚು ತೋರಿಸುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಿರಿ. ಮುಳ್ಳು ಸ್ಥಿರವಾಗಿರಬೇಕು. ಹಳೆಯ ಕಾರ್ಬ್ಯುರೇಟರ್ ಇರುವಾಗಲೇ ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಹೊಸದು ಕೂತ ಮೇಲೆ ಹೋಲಿಸಿ ನೋಡಲು ಅದೇ ಆಧಾರ.

## ಹಳೆಯದನ್ನು ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯಿಂದ ಬಾಡಿಗೆ ಹೋಗುವ ಅರ್ತ್ ಕೇಬಲ್ ತೆಗೆಯಿರಿ. ಕೆಲವು ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅರ್ತ್ ಆಗಿರುವುದು ಪಾಸಿಟಿವ್ ಕಡೆ. ಅದು ನಿಮ್ಮದರಲ್ಲಿ ಹೇಗಿದೆ ಎಂದು ಈಗಲೇ ಗುರುತಿಸಿಕೊಂಡರೆ ಮುಂದೆ ಎಲೆಕ್ಟ್ರಿಕ್ ಪಂಪ್ ಹಾಕುವಾಗ ಉಪಯೋಗಕ್ಕೆ ಬರುತ್ತದೆ. ಪೆಟ್ರೋಲ್ ಬೆಂಕಿಗೆ ಹೊಂದುವ ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ, ಕೆಲಸ ಗಾಳಿಯಾಡುವ ಜಾಗದಲ್ಲಿ ಆಗಲಿ.

ಪ್ರತಿ ಪೈಪ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಫೋಟೊ ತೆಗೆದು, ಪೈಪಿಗೆ ಚೀಟಿ ಅಂಟಿಸಿ. ಚೋಕ್‌ಗೆ (ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಗಾಳಿ ತಗ್ಗಿಸುವ ತಟ್ಟೆ) ಅಥವಾ ಕಾರ್ಬ್ಯುರೇಟರ್ ತಳಕ್ಕೆ ರೇಡಿಯೇಟರ್ ನೀರು ಹರಿಯುವ ವ್ಯವಸ್ಥೆ ಇದ್ದರೆ ನೀರನ್ನು ಸ್ವಲ್ಪ ಇಳಿಸಿ. ಪೆಟ್ರೋಲ್ ಪೈಪ್ ಬಿಚ್ಚಿದ ಕೂಡಲೇ ಅದರ ಬಾಯಿ ಮುಚ್ಚಿ. ನಟ್‌ಗಳನ್ನು ಬಿಚ್ಚಿ ಕಾರ್ಬ್ಯುರೇಟರ್ ಅನ್ನು ನೇರವಾಗಿ ಮೇಲಕ್ಕೆ ಎತ್ತಿ; ಅದರ ಬಟ್ಟಲಿನಲ್ಲಿ ಇನ್ನೂ ಪೆಟ್ರೋಲ್ ಇರುತ್ತದೆ, ವಾಲಿಸಿದರೆ ಚೆಲ್ಲುತ್ತದೆ.

ಎತ್ತಿದ ಕ್ಷಣವೇ ಮ್ಯಾನಿಫೋಲ್ಡ್ ಬಾಯಿಗೆ ಬಟ್ಟೆ ತುರುಕಿ. ಬಟ್ಟೆ ಗಾಢ ಬಣ್ಣದ್ದಾಗಿರಲಿ, ಮುಷ್ಟಿಗಿಂತ ದೊಡ್ಡದಾಗಿರಲಿ, ಅರ್ಧ ಭಾಗ ಹೊರಗೆ ಇಳಿಬಿದ್ದಿರಲಿ. ಒಳಗೆ ಬಿದ್ದ ಒಂದು ವಾಷರ್ ವಾಲ್ವ್‌ವರೆಗೆ ಹೋಗಿ ನಿಲ್ಲಬಹುದು. ಅದಕ್ಕೋಸ್ಕರ ಸಿಲಿಂಡರ್ ಹೆಡ್ ಬಿಚ್ಚುವ ಸ್ಥಿತಿ ಯಾರಿಗೂ ಬರುವುದು ಬೇಡ.

## ಸಪಾಟು ಎಂದರೆ ಎಷ್ಟು ಸಪಾಟು

ಹಳೆಯ ಗ್ಯಾಸ್ಕೆಟ್ ಸುಟ್ಟ ರೊಟ್ಟಿಯಂತೆ ಅಂಟಿಕೊಂಡಿರುತ್ತದೆ. ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಮೃದು, ಆದ್ದರಿಂದ ಉಕ್ಕಿನ ಉಳಿ ಬೇಡ. ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಪಟ್ಟಿಯಿಂದ ಕೆರೆಯಿರಿ, ಕೊನೆಯ ಕಲೆಯನ್ನು ದ್ರಾವಕದಲ್ಲಿ ಒರೆಸಿ. ಬೆರಳ ಉಗುರಿನಿಂದ ಮುಖದ ಉದ್ದಕ್ಕೂ ಎಳೆದರೆ ಎಲ್ಲೂ ತಡೆಯಬಾರದು.

ಈಗ ಒಂದು ನೇರವಾದ ಉಕ್ಕಿನ ಪಟ್ಟಿಯನ್ನು ಅಂಚಿನ ಮೇಲೆ ಇಡಿ. ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಗಳ ಉದ್ದಕ್ಕೆ. ಪ್ರತಿ ಸಲವೂ ಕೆಳಗೆ ಫೀಲರ್ ಗೇಜ್‌ನ ತೆಳು ಎಲೆಯನ್ನು ತೂರಿಸಿ ನೋಡಿ. ಹಿಂದೆ ಟಾರ್ಚ್ ಹಿಡಿದರೆ ಬೆಳಕಿನ ಗೆರೆ ಕಾಣುತ್ತದೋ ಇಲ್ಲವೋ ಎಂಬುದೇ ಮುಕ್ಕಾಲು ಉತ್ತರ. 0.05 ಮಿಲಿಮೀಟರ್ ಎಲೆ ಕಷ್ಟಪಟ್ಟು ಹೋದರೆ ಹೊಸ ಗ್ಯಾಸ್ಕೆಟ್ ಅದನ್ನು ತುಂಬಿಕೊಳ್ಳುತ್ತದೆ. 0.1 ಎಲೆ ಸಲೀಸಾಗಿ ಹೋದರೆ ನಾನಂತೂ ಮುಂದುವರಿಯುವುದಿಲ್ಲ. ಹಿಂದಿನವರು ನಟ್‌ಗಳನ್ನು ಬಲವಾಗಿ ಬಿಗಿದಿದ್ದರೆ ಸ್ಟಡ್‌ಗಳ ಸುತ್ತ ಲೋಹ ಉಬ್ಬಿ ನಡುವೆ ತಗ್ಗಾಗಿರುತ್ತದೆ. ಹಳೆಯ ಕಾರುಗಳಲ್ಲಿ ಇದು ತುಂಬ ಸಾಮಾನ್ಯ.

ಸರಿಪಡಿಸಲು ಮ್ಯಾನಿಫೋಲ್ಡ್ ಅನ್ನು ಎಂಜಿನ್‌ನಿಂದ ಬಿಚ್ಚಲೇಬೇಕು. ಎಂಜಿನ್ ಮೇಲೆ ಇರುವಾಗಲೇ ಅರ ಹಾಕಿದರೆ ಲೋಹದ ಪುಡಿ ಸಿಲಿಂಡರ್‌ಗೆ ಇಳಿಯುತ್ತದೆ. ಬಿಚ್ಚಿದ ಮ್ಯಾನಿಫೋಲ್ಡ್‌ನ ಮುಖವನ್ನು ಲೇತ್ ಅಥವಾ ಮಿಲ್ಲಿಂಗ್ ಇರುವ ಕಾರ್ಯಾಗಾರದಲ್ಲಿ ಸಮ ಮಾಡಿಸುವುದು ಒಳ್ಳೆಯದು. ಅಡಾಪ್ಟರ್ ಪ್ಲೇಟ್ ಮತ್ತು ಕಾರ್ಬ್ಯುರೇಟರ್ ತಳವನ್ನೂ ಇದೇ ಪರೀಕ್ಷೆಗೆ ಒಡ್ಡಿ. ಹೊಸದಾಗಿ ಬಂದ ಅಡಾಪ್ಟರ್ ಸಪಾಟಾಗಿಯೇ ಇರುತ್ತದೆ ಎಂದು ನಂಬಬೇಡಿ. ದಪ್ಪ ಗಾಜಿನ ಮೇಲೆ 320 ನಂಬರಿನ ಎಮರಿ ಕಾಗದ ಹರಡಿ, ಅಡಾಪ್ಟರ್‌ನ ಮುಖಕ್ಕೆ ಪೆನ್ಸಿಲ್ ಗೆರೆ ಎಳೆದು, ಇಂಗ್ಲಿಷಿನ ಎಂಟರ ಆಕಾರದಲ್ಲಿ ಹತ್ತು ಸಲ ಉಜ್ಜಿ ನೋಡಿ. ಗೆರೆ ಉಳಿದಿರುವ ಕಡೆ ತಗ್ಗಿದೆ ಎಂದರ್ಥ. ಎಲ್ಲ ಗೆರೆಗಳೂ ಒಟ್ಟಿಗೆ ಅಳಿಸುವವರೆಗೆ ಉಜ್ಜಿ.

## ಅಡಾಪ್ಟರ್ ಕೂರಿಸುವುದು

ಹೆಚ್ಚಿನ ಅಡಾಪ್ಟರ್‌ಗಳು ಎರಡು ತುಂಡಿನವು. ಕೆಳಗಿನದು ಹಳೆಯ ಕಾರ್ಬ್ಯುರೇಟರ್‌ನ ತೂತುಗಳಿಗೆ ಹೊಂದಿ ಮ್ಯಾನಿಫೋಲ್ಡ್ ಮೇಲೆ ಕೂರುತ್ತದೆ. ಮೇಲಿನದು ಕೆಳಗಿನದರ ಮೇಲೆ ಕೂತು ಹೊಸ ಕಾರ್ಬ್ಯುರೇಟರ್‌ಗೆ ಜಾಗ ಕೊಡುತ್ತದೆ. ಎಂದರೆ ಗಾಳಿ ಸೋರಬಹುದಾದ ಜಾಗಗಳು ಒಂದಲ್ಲ, ಮೂರು.

ಮೊದಲು ಎಲ್ಲವನ್ನೂ ಒಣದಾಗಿ, ಬಿಗಿಯದೆ, ಒಂದರ ಮೇಲೊಂದು ಇಟ್ಟು ನೋಡಿ. ಮೇಲಿನಿಂದ ಇಣುಕಿದಾಗ ಯಾವ ಗ್ಯಾಸ್ಕೆಟ್‌ನ ಅಂಚೂ ರಂಧ್ರದೊಳಗೆ ಚಾಚಿರಬಾರದು, ಚಾಚಿದ್ದರೆ ಕತ್ತರಿಸಿ. ಎರಡು ಲೋಹಗಳು ಸೇರುವಲ್ಲಿ ಮೆಟ್ಟಿಲಿನಂಥ ಏಣು ಇದ್ದರೆ ಪೆಟ್ರೋಲ್ ಅಲ್ಲಿ ಹನಿಗಟ್ಟುತ್ತದೆ. ಅಡಾಪ್ಟರ್ ಅನ್ನು ಮೇಜಿನ ಮೇಲಿಟ್ಟು ದುಂಡು ಅರದಿಂದ ಆ ಏಣನ್ನು ಇಳಿಜಾರು ಮಾಡಿ. ಕನ್ನಡಿಯಂತೆ ನುಣುಪು ಬೇಕಿಲ್ಲ. ಸ್ವಲ್ಪ ಒರಟಾದ ಮೈಯೇ ಪೆಟ್ರೋಲ್ ಹನಿಗಳನ್ನು ಮತ್ತೆ ಗಾಳಿಗೆ ಸೇರಿಸಲು ಅನುಕೂಲ.

ಕಾರ್ಬ್ಯುರೇಟರ್ ಯಾವ ಕಡೆ ಮುಖ ಮಾಡಬೇಕು ಎಂಬುದನ್ನೂ ಈಗಲೇ ತೀರ್ಮಾನಿಸಿ. ಆಕ್ಸಿಲರೇಟರ್ ಲಿವರ್ ಕೇಬಲ್‌ನ ಕಡೆಗೆ ಬರಬೇಕು, ಚೋಕ್ ಡಬ್ಬಿ ಯಾವುದಕ್ಕೂ ತಾಗಬಾರದು, ಗಾಳಿ-ಪೆಟ್ರೋಲ್ ಮಿಶ್ರಣದ ಸ್ಕ್ರೂಗೆ ಸ್ಕ್ರೂಡ್ರೈವರ್ ತಲುಪಬೇಕು.

ಇನ್ನು ಸ್ಕ್ರೂಗಳು. ಇಲ್ಲಿ ನಿಧಾನಿಸಿ. ಕೆಳಗಿನ ಪ್ಲೇಟನ್ನು ಹಿಡಿಯುವುದು ತಲೆ ಪ್ಲೇಟಿನೊಳಗೆ ಹುದುಗುವ ಅಲೆನ್ ಸ್ಕ್ರೂಗಳು. ಅವುಗಳ ಕೆಳಗೆ ವಾಷರ್ ಹಾಕಲು ಆಗುವುದಿಲ್ಲ, ಬಿಸಿ ಮತ್ತು ಕಂಪನಕ್ಕೆ ಸಡಿಲವಾಗುವುದು ಅವುಗಳ ಗುಣ. ಒಮ್ಮೆ ಒಂದು ಕಿಟ್ ಜೊತೆ ಬಂದ ಸ್ಕ್ರೂಗಳನ್ನು ಎಣ್ಣೆ ಒರೆಸದೆ ಹಾಗೆಯೇ ಬಿಗಿದುಬಿಟ್ಟೆ. ಮೂರು ವಾರ ಕಾರು ಗಡಿಯಾರದಂತೆ ನಡೆಯಿತು. ಆಮೇಲೆ ಎಂಜಿನ್ ಬಿಸಿಯಾದಾಗ ಮಾತ್ರ ಐಡ್ಲಿಂಗ್ ತಾನಾಗಿ ಏರುವುದು, ತಣ್ಣಗಾದರೆ ಸರಿಹೋಗುವುದು ಶುರುವಾಯಿತು. ಎರಡು ವಾರಾಂತ್ಯಗಳನ್ನು ಜೆಟ್‌ಗಳ ಜೊತೆ ಕಳೆದೆ. ಕೊನೆಗೆ ಎಲ್ಲವನ್ನೂ ಬಿಚ್ಚಿದಾಗ ನಾಲ್ಕು ಸ್ಕ್ರೂಗಳಲ್ಲಿ ಎರಡನ್ನು ಬರಿಗೈಯಿಂದ ತಿರುಗಿಸಬಹುದಿತ್ತು. ಅದರಲ್ಲೊಂದು ಮೇಲಿನ ಪ್ಲೇಟಿಗೆ ತಲೆ ತಾಗಿಸಿಕೊಂಡು ನಿಂತಿತ್ತು, ಇಲ್ಲದಿದ್ದರೆ ಪೂರ್ತಿ ಕಳಚಿಕೊಳ್ಳುತ್ತಿತ್ತು. ಅಂದಿನಿಂದ ಈ ಕ್ರಮವನ್ನು ಬಿಟ್ಟಿಲ್ಲ: ಸ್ಕ್ರೂ ಮತ್ತು ತೂತಿನ ಎಳೆಗಳನ್ನು ದ್ರಾವಕದಿಂದ ತೊಳೆದು ಒಣಗಿಸುವುದು, ಎಳೆಯ ತುದಿಗೆ ಮಧ್ಯಮ ಬಲದ ನೀಲಿ ಥ್ರೆಡ್ ಲಾಕರ್ ಒಂದು ಹನಿ ಹಚ್ಚುವುದು, ಎದುರುಬದುರಾಗಿ ಮೂರು ಸುತ್ತಿನಲ್ಲಿ ಬಿಗಿಯುವುದು, ಲಾಕರ್ ಗಟ್ಟಿಯಾಗಲು ಒಂದು ರಾತ್ರಿ ಬಿಡುವುದು.

ಬಿಗಿದ ಮೇಲೆ ಉಕ್ಕಿನ ಪಟ್ಟಿಯನ್ನು ಮತ್ತೆ ಪ್ಲೇಟಿನ ಮೇಲೆ ಎಳೆಯಿರಿ. ಸ್ಕ್ರೂ ತಲೆ ಕೂದಲಷ್ಟು ಮೇಲೆ ಉಳಿದಿದ್ದರೂ ಮೇಲಿನ ಗ್ಯಾಸ್ಕೆಟ್ ಆ ತಲೆಯ ಮೇಲೆ ನಿಲ್ಲುತ್ತದೆ, ಪ್ಲೇಟಿನ ಮೇಲಲ್ಲ.

ಗ್ಯಾಸ್ಕೆಟ್‌ಗಳಿಗೆ ಸಿಲಿಕೋನ್ ಸೀಲಂಟ್ ಹಚ್ಚಬೇಡಿ. ಪೆಟ್ರೋಲ್ ತಾಗಿದರೆ ಅದು ಉಬ್ಬಿ ಮೆದುವಾಗುತ್ತದೆ, ಚೂರುಗಳು ಕಳಚಿ ಒಳಗೆ ಹೋಗುತ್ತವೆ. ಮುಖ ಸಪಾಟಾಗಿದ್ದರೆ ಒಣ ಗ್ಯಾಸ್ಕೆಟ್ ಸಾಕು.

## ಸ್ಟಡ್, ನಟ್, ಬಿಸಿ ತಡೆಯುವ ತಟ್ಟೆ

ಸ್ಟಡ್ ಕೂರಿಸಲು ಎರಡು ನಟ್‌ಗಳನ್ನು ಒಂದಕ್ಕೊಂದು ಬಿಗಿದು, ಮೇಲಿನದನ್ನು ಸ್ಪಾನರ್‌ನಿಂದ ತಿರುಗಿಸಿ. ಸ್ಟಡ್ ನಟ್‌ನಿಂದ ಎರಡು ಎಳೆಯಷ್ಟಾದರೂ ಹೊರಗೆ ಕಾಣುವಷ್ಟು ಉದ್ದವಿರಬೇಕು.

ಕಾರ್ಬ್ಯುರೇಟರ್ ಕೆಳಗೆ ಬೇಕಲೈಟ್‌ನಂಥ ಬಿಸಿ ತಡೆಯುವ ತಟ್ಟೆ ಇದ್ದರೆ ತುಂಬ ಒಳ್ಳೆಯದು. ಎಂಜಿನ್ ನಿಲ್ಲಿಸಿದ ಮೇಲೆ ಮ್ಯಾನಿಫೋಲ್ಡ್‌ನ ಶಾಖ ಮೇಲೇರಿ ಬಟ್ಟಲಿನ ಪೆಟ್ರೋಲ್ ಕುದಿಯುತ್ತದೆ. ಹತ್ತು ನಿಮಿಷ ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗಲು ಸತಾಯಿಸುವುದು ಹೆಚ್ಚಾಗಿ ಇದರಿಂದಲೇ. ಎಥನಾಲ್ ಬೆರೆತ ಪೆಟ್ರೋಲ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಆದರೆ ತಟ್ಟೆ ಎತ್ತರವನ್ನೂ ಕೂಡಿಸುತ್ತದೆ. ಏರ್ ಫಿಲ್ಟರ್ ಡಬ್ಬಿಯ ಮೇಲೆ ಮಕ್ಕಳು ಆಡುವ ಜೇಡಿಮಣ್ಣಿನ ಗುಪ್ಪೆ ಇಟ್ಟು ಬಾನೆಟ್ ಮೆಲ್ಲಗೆ ಮುಚ್ಚಿ ತೆರೆಯಿರಿ. ಒತ್ತಿದ ಮಣ್ಣಿನ ದಪ್ಪವೇ ಉಳಿದ ಅಂತರ. ಎಂಜಿನ್ ತನ್ನ ರಬ್ಬರ್ ಮೌಂಟ್‌ಗಳ ಮೇಲೆ ಅಲುಗಾಡುವುದರಿಂದ ಕನಿಷ್ಠ 20 ಮಿಲಿಮೀಟರ್ ಇರಲಿ.

ಕಾರ್ಬ್ಯುರೇಟರ್ ನಟ್‌ಗಳನ್ನು ಬಿಗಿಯುವಾಗ ತೋಳಿನ ಬಲ ಬೇಡ, ಮಣಿಕಟ್ಟಿನ ಬಲ ಸಾಕು. ಹಾಲಿ ಕಾರ್ಬ್ಯುರೇಟರ್‌ಗಳಿಗೆ ಹೇಳುವ ಅಳತೆ 60ರಿಂದ 80 ಇಂಚ್ ಪೌಂಡ್, ಅಂದರೆ 7ರಿಂದ 9 ನ್ಯೂಟನ್ ಮೀಟರ್. ನಿಮ್ಮದರ ಸೂಚನಾ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪ್ರತಿ ಸುತ್ತಿನ ನಂತರ ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ಲಿವರ್ ಅನ್ನು ಕೈಯಿಂದ ಆಡಿಸಿ. ಮೊದಲು ಸಲೀಸಾಗಿದ್ದ ಲಿವರ್ ಈಗ ಕಚ್ಚಿದಂತೆ ಅನಿಸಿದರೆ ತಳ ಬಾಗುತ್ತಿದೆ. ನಟ್‌ಗಳನ್ನು ಸಡಿಲಿಸಿ ಕಾರಣ ಹುಡುಕಿ.

## ಲಿಂಕ್, ಪೈಪ್, ಪೆಟ್ರೋಲ್

ಆಕ್ಸಿಲರೇಟರ್ ಕೇಬಲ್ ಜೋಡಿಸಿದ ಮೇಲೆ ಇನ್ನೊಬ್ಬರನ್ನು ಸೀಟಿನಲ್ಲಿ ಕೂರಿಸಿ ಪೆಡಲ್ ಪೂರ್ತಿ ಒತ್ತಲು ಹೇಳಿ. ಕೈಯಿಂದ ಲಿವರ್ ಎಳೆದು ನೋಡಿದರೆ ಸಾಲದು. ಮೇಲಿನಿಂದ ಟಾರ್ಚ್ ಬಿಟ್ಟು ನೋಡಿದಾಗ ಎರಡೂ ಥ್ರಾಟಲ್ ತಟ್ಟೆಗಳು ನೆಟ್ಟಗೆ ನಿಂತಿರಬೇಕು. ಪೆಡಲ್ ಬಿಟ್ಟಾಗ ಟಕ್ ಎಂದು ಮುಚ್ಚಬೇಕು. ಎಳೆದು ಮುಚ್ಚುವ ಸ್ಪ್ರಿಂಗ್‌ಗಳು ಎರಡು ಇರಲಿ. ಒಂದು ತುಂಡಾದರೆ ಇನ್ನೊಂದು ಜೀವ ಉಳಿಸುತ್ತದೆ. ಪೆಡಲ್ ಬಿಟ್ಟಿರುವಾಗ ಕೇಬಲ್‌ನಲ್ಲಿ ತುಸು ಸಡಿಲ ಇರಬೇಕು, ಇಲ್ಲದಿದ್ದರೆ ಎಂಜಿನ್ ಅಲುಗಿದಾಗಲೆಲ್ಲ ಐಡ್ಲಿಂಗ್ ಏರಿಳಿಯುತ್ತದೆ.

ವ್ಯಾಕ್ಯೂಮ್ ಪೈಪ್‌ಗಳಲ್ಲಿ ಎರಡು ಜಾತಿ. ಬ್ರೇಕ್ ಬೂಸ್ಟರ್ ಮತ್ತು ಕ್ರ್ಯಾಂಕ್‌ಕೇಸ್‌ನ ಹೊಗೆಯನ್ನು ಎಂಜಿನ್‌ಗೇ ವಾಪಸ್ ಕಳಿಸುವ ಪಿಸಿವಿ ವಾಲ್ವ್‌ಗೆ ಥ್ರಾಟಲ್ ತಟ್ಟೆಯ ಕೆಳಗಿನ, ಎಂದರೆ ಮ್ಯಾನಿಫೋಲ್ಡ್‌ನ ಪೂರ್ತಿ ವ್ಯಾಕ್ಯೂಮ್ ಬೇಕು. ಡಿಸ್ಟ್ರಿಬ್ಯೂಟರ್‌ಗೆ ಸಾಮಾನ್ಯವಾಗಿ ತಟ್ಟೆಯ ತುಸು ಮೇಲಿರುವ ರಂಧ್ರದಿಂದ ಕೊಡುತ್ತಾರೆ. ಐಡ್ಲಿಂಗ್‌ನಲ್ಲಿ ಅಲ್ಲಿ ಎಳೆತವಿರುವುದಿಲ್ಲ, ತಟ್ಟೆ ತೆರೆದಾಗ ಹುಟ್ಟುತ್ತದೆ. ಯಾವುದು ಯಾವುದೆಂದು ಅನುಮಾನವಿದ್ದರೆ ಎಂಜಿನ್ ಓಡುವಾಗ ಬೆರಳಿಟ್ಟು ನೋಡಿ. ಬಳಸದ ಪ್ರತಿ ರಂಧ್ರಕ್ಕೂ ಬಿಗಿಯಾದ ಮುಚ್ಚಳ ಬೇಕು. ಬಿರುಕುಬಿಟ್ಟ ರಬ್ಬರ್ ಮುಚ್ಚಳವೂ ಗಾಳಿ ಸೋರುವ ಜಾಗವೇ.

ಪೆಟ್ರೋಲ್ ಒತ್ತಡವನ್ನು ಗೇಜ್ ಇಟ್ಟು ಅಳೆಯಿರಿ. ವೆಬರ್ 32/36ಕ್ಕೆ 2.5ರಿಂದ 3.5 ಪಿಎಸ್ಐ (ಚದರ ಇಂಚಿಗೆ ಪೌಂಡ್) ಸಾಕು. ಅದಕ್ಕಿಂತ ಹೆಚ್ಚಾದರೆ ಬಟ್ಟಲಿನ ನೀಡಲ್ ವಾಲ್ವ್ ತಡೆಯಲಾರದೆ ಪೆಟ್ರೋಲ್ ಉಕ್ಕುತ್ತದೆ. ಹಾಲಿಗೆ 5ರಿಂದ 7, ಎಡೆಲ್‌ಬ್ರಾಕ್‌ಗೆ 6.5 ಮೀರಬಾರದು. ನಿಮ್ಮ ಪಂಪ್ ಹೆಚ್ಚು ತಳ್ಳುತ್ತಿದ್ದರೆ ರೆಗ್ಯುಲೇಟರ್ ಹಾಕಿ. ಹೊಸ ಎಲೆಕ್ಟ್ರಿಕ್ ಪಂಪ್ ಹಾಕುವವರು ಅಪಘಾತವಾದಾಗ ಪಂಪ್ ನಿಲ್ಲಿಸುವ ಸ್ವಿಚ್ ಇಲ್ಲದೆ ಹಾಕಲೇಬಾರದು. ರಬ್ಬರ್ ಹೋಸ್ ಎಥನಾಲ್ ತಡೆಯುವಂಥದ್ದಿರಲಿ. ಹೋಸ್ ಮೇಲೆ ಎಸ್ಎಇ ಜೆ30 ಆರ್9 ಎಂಬ ಗುರುತು ಇದ್ದರೆ ನಿಶ್ಚಿಂತೆ. ಎಕ್ಸಾಸ್ಟ್‌ನಿಂದ ದೂರವಿಟ್ಟು, ಕ್ಲಿಪ್ ಹಾಕಿ ಕಟ್ಟಿ. ಕೆಲವು ಕಾರ್ಬ್ಯುರೇಟರ್‌ಗಳಲ್ಲಿ ಪೆಟ್ರೋಲ್ ಒಳಬರುವ ಹಿತ್ತಾಳೆ ನಳಿಗೆಯನ್ನು ಬರೀ ಒತ್ತಿ ಕೂರಿಸಿರುತ್ತಾರೆ. ಬೆರಳಿನಿಂದ ತಿರುಗಿಸಿ ನೋಡಿ, ಅಲುಗಿದರೆ ಆ ಕಾರ್ಬ್ಯುರೇಟರ್ ಅನ್ನು ಹಾಗೆಯೇ ಬಳಸಬೇಡಿ.

ಎಲೆಕ್ಟ್ರಿಕ್ ಚೋಕ್ ಇದ್ದರೆ ಕೀ ತಿರುಗಿಸಿದಾಗ ಮಾತ್ರ ಬರುವ ಪೂರ್ತಿ 12 ವೋಲ್ಟ್ ಕೊಡಿ. ಇಗ್ನಿಷನ್ ಕಾಯಿಲ್‌ನಿಂದ ಎಳೆಯುವುದು ಬೇಡ, ವೋಲ್ಟ್ ತಗ್ಗಿಸುವ ಬ್ಯಾಲಾಸ್ಟ್ ರೆಸಿಸ್ಟರ್ ಇರುವ ಕಾರುಗಳಲ್ಲಿ ಅಲ್ಲಿ 12 ವೋಲ್ಟ್ ಇರುವುದೇ ಇಲ್ಲ.

## ಮೊದಲ ಸ್ಟಾರ್ಟ್

ಮ್ಯಾನಿಫೋಲ್ಡ್‌ಗೆ ತುರುಕಿದ ಬಟ್ಟೆ ಹೊರಗೆ ಬಂದಿದೆಯೇ ಎಂದು ಕಾರ್ಬ್ಯುರೇಟರ್ ಕೂರಿಸುವಾಗಲೇ ನೋಡಿಕೊಂಡಿರುತ್ತೀರಿ. ಈಗ ಇನ್ನೊಮ್ಮೆ ಆ ಬಟ್ಟೆಯನ್ನು ಕಣ್ಣಾರೆ ಕಂಡು ಮುಂದೆ ಹೋಗಿ.

ಆರಂಭದ ಸೆಟ್ಟಿಂಗ್ ಹೀಗೆ. ಐಡ್ಲಿಂಗ್ ವೇಗದ ಸ್ಕ್ರೂವನ್ನು ಲಿವರ್‌ಗೆ ತಾಗದಷ್ಟು ಹಿಂದೆಗೆದು, ಮತ್ತೆ ಮೆಲ್ಲಗೆ ತಾಗಿಸಿ, ಅಲ್ಲಿಂದ ಅರ್ಧ ಸುತ್ತು ಒಳಗೆ. ಮಿಶ್ರಣದ ಸ್ಕ್ರೂವನ್ನು ಮೃದುವಾಗಿ ತಳ ಮುಟ್ಟಿಸಿ, ಅಲ್ಲಿಂದ ಎರಡು ಸುತ್ತು ಹೊರಗೆ. ಬಲವಾಗಿ ಬಿಗಿದರೆ ಅದರ ಸೂಜಿಮೊನೆಗೆ ಬಳೆಯಂಥ ಗುರುತು ಬೀಳುತ್ತದೆ, ಆಮೇಲೆ ಅದು ಎಂದೂ ಸರಿಯಾಗಿ ಕೆಲಸ ಮಾಡುವುದಿಲ್ಲ.

ಬ್ಯಾಟರಿ ಜೋಡಿಸಿ, ಬಟ್ಟಲು ತುಂಬಲು ಬಿಟ್ಟು, ಸ್ಟಾರ್ಟ್ ಮಾಡದೆ ಎರಡು ನಿಮಿಷ ಪ್ರತಿ ಜಾಯಿಂಟ್‌ನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಿ. ಎಂಜಿನ್ ನಿಂತಿರುವಾಗಲೇ ಚೋಕ್ ತಟ್ಟೆಯನ್ನು ತೆರೆದು ಹಿಡಿದು, ಮುಖವನ್ನು ದೂರವಿಟ್ಟು, ಲಿವರ್ ತುಸು ಎಳೆಯಿರಿ. ಒಳಗೆ ಹೊಲಿಗೆ ದಾರದಷ್ಟು ತೆಳುವಾದ ಪೆಟ್ರೋಲ್ ಎಳೆ ತಕ್ಷಣ ಚಿಮ್ಮಬೇಕು. ಲಿವರ್ ಅಲುಗಿದ ಕ್ಷಣಕ್ಕೂ ಎಳೆ ಚಿಮ್ಮಿದ ಕ್ಷಣಕ್ಕೂ ನಡುವೆ ಬಿಡುವು ಕಂಡರೆ, ರಸ್ತೆಯಲ್ಲಿ ಪೆಡಲ್ ಒತ್ತಿದಾಗ ಕಾರು ಅಷ್ಟೇ ಹೊತ್ತು ಮುಗ್ಗರಿಸುತ್ತದೆ. ಏರ್ ಫಿಲ್ಟರ್ ಕೂರಿಸಿದ ಮೇಲೆಯೇ ಸ್ಟಾರ್ಟ್ ಮಾಡಿ. ಹಿಮ್ಮುಖವಾಗಿ ಬರುವ ಬೆಂಕಿಯನ್ನು ತಡೆಯುವುದು ಅದೇ.

## ಐಡ್ಲಿಂಗ್: ತಟ್ಟೆ ಎಲ್ಲಿ ನಿಂತಿದೆ ಎಂಬುದೇ ವಿಷಯ

ಥ್ರಾಟಲ್ ತಟ್ಟೆ ಮುಚ್ಚಿದಾಗ ಅದರ ಅಂಚು ಕೊಳವೆಯ ಗೋಡೆಯನ್ನು ತಾಗುವ ಜಾಗದ ಪಕ್ಕದಲ್ಲೇ, ತುಸು ಮೇಲೆ, ಎರಡು ಮೂರು ಸಣ್ಣ ತೂತುಗಳಿವೆ. ಪೆಡಲ್ ಒತ್ತಲು ಶುರುಮಾಡಿದಾಗ ತಟ್ಟೆಯ ಅಂಚು ಈ ತೂತುಗಳನ್ನು ಒಂದೊಂದಾಗಿ ದಾಟುತ್ತದೆ. ದಾಟಿದ ತೂತಿಗೆ ಎಂಜಿನ್‌ನ ಎಳೆತ ಸಿಕ್ಕು ಪೆಟ್ರೋಲ್ ಹರಿಯುತ್ತದೆ. ಮುಖ್ಯ ಜೆಟ್ ಕೆಲಸ ಶುರುಮಾಡುವವರೆಗೆ ಎಂಜಿನ್‌ಗೆ ಉಣಿಸುವುದು ಈ ತೂತುಗಳು. ಮಿಶ್ರಣದ ಸ್ಕ್ರೂ ಆಳುವುದು ಇವುಗಳಿಗಿಂತ ಕೆಳಗಿನ, ಬೇರೆಯೇ ಒಂದು ತೂತನ್ನು.

ಐಡ್ಲಿಂಗ್ ಸ್ಥಿರವಾಗಲಿಲ್ಲವೆಂದು ವೇಗದ ಸ್ಕ್ರೂವನ್ನು ಮೂರು ಸುತ್ತು ಒಳಗೆ ಕೊಟ್ಟರೆ ಏನಾಗುತ್ತದೆ ನೋಡಿ. ನಿಂತಲ್ಲೇ ತಟ್ಟೆ ಆ ತೂತುಗಳನ್ನು ದಾಟಿಬಿಟ್ಟಿರುತ್ತದೆ. ಎಂಜಿನ್ ಅಲ್ಲಿಂದಲೇ ಪೆಟ್ರೋಲ್ ಕುಡಿಯುತ್ತದೆ, ಮಿಶ್ರಣದ ಸ್ಕ್ರೂ ತಿರುಗಿಸಿದರೂ ಎಂಜಿನ್ ಕೇಳುವುದಿಲ್ಲ. ಪೆಡಲ್ ಒತ್ತಿದಾಗ ಉಣಿಸಲು ಉಳಿದದ್ದು ಏನೂ ಇರುವುದಿಲ್ಲ, ಕಾರು ಮುಗ್ಗರಿಸುತ್ತದೆ. ಆದ್ದರಿಂದ ವೇಗದ ಸ್ಕ್ರೂ ತಾಗಿದಲ್ಲಿಂದ ಒಂದೂವರೆ ಸುತ್ತು ಮೀರಬಾರದು. ಮೀರಬೇಕಾಗಿ ಬಂದರೆ ಟೈಮಿಂಗ್ ತಡವಾಗಿದೆ, ಅಥವಾ ಐಡ್ಲ್ ಜೆಟ್ ಚಿಕ್ಕದಾಗಿದೆ. ಸ್ಕ್ರೂ ಪೂರ್ತಿ ಹಿಂದೆ ಬಂದಿದ್ದರೂ ಎಂಜಿನ್ ನಿಮಿಷಕ್ಕೆ 1200 ಸುತ್ತಿನ ಕೆಳಗೆ ಇಳಿಯದಿದ್ದರೆ ಗಾಳಿ ಸೋರುತ್ತಿದೆ, ಇಲ್ಲವೇ ಕೇಬಲ್ ಎಳೆದುಕೊಂಡಿದೆ.

ಎಂಜಿನ್ ಚೆನ್ನಾಗಿ ಬಿಸಿಯಾಗಿ ಚೋಕ್ ಪೂರ್ತಿ ತೆರೆದ ಮೇಲೆ ಹೊಂದಿಸಲು ಶುರುಮಾಡಿ. ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತಿನಂತೆ ಒಳಗೆ ತಿರುಗಿಸುತ್ತಾ ಹೋಗಿ, ಪ್ರತಿ ಸಲ ಹತ್ತು ಸೆಕೆಂಡ್ ಕಾಯಿರಿ. ಒಂದು ಹಂತದಲ್ಲಿ ಎಂಜಿನ್ ನಡುಗಲು ಶುರುವಾಗುತ್ತದೆ. ಅಲ್ಲಿಂದ ಹೊರಗೆ ತಿರುಗಿಸುತ್ತಾ ಬನ್ನಿ. ನಡುಕ ಹೋಗಿ, ವೇಗ ಏರಿ, ಇನ್ನು ಏರುವುದಿಲ್ಲ ಎನ್ನುವ ಮೊದಲ ಬಿಂದುವಿನಲ್ಲಿ ನಿಲ್ಲಿಸಿ. ವ್ಯಾಕ್ಯೂಮ್ ಗೇಜ್‌ನ ಮುಳ್ಳೂ ಅಲ್ಲೇ ಅತಿ ಎತ್ತರಕ್ಕೆ ಬಂದು ಸ್ಥಿರವಾಗಿರುತ್ತದೆ. ವೇಗ ಹೆಚ್ಚಾಗಿದ್ದರೆ ವೇಗದ ಸ್ಕ್ರೂವನ್ನು ಹಿಂದೆಗೆದು 800-900ಕ್ಕೆ ತಂದು, ಮಿಶ್ರಣವನ್ನು ಮತ್ತೊಮ್ಮೆ ನೋಡಿ. ಈಗ ಮಿಶ್ರಣದ ಸ್ಕ್ರೂ ತಳದಿಂದ ಎಷ್ಟು ಸುತ್ತು ಹೊರಗಿದೆ ಎಂದು ಎಣಿಸಿ. ಎರಡೂವರೆ ಮೀರಿದ್ದರೆ ಐಡ್ಲ್ ಜೆಟ್ ಒಂದು ಸೈಜ್ ದೊಡ್ಡದು ಬೇಕು; ಒಂದಕ್ಕಿಂತ ಕಡಿಮೆ ಇದ್ದರೆ ಒಂದು ಸೈಜ್ ಚಿಕ್ಕದು.

ಗಾಳಿ ಸೋರಿಕೆಯ ಅನುಮಾನವಿದ್ದರೆ ಕಾರ್ಬ್ ಕ್ಲೀನರ್ ಸಿಂಪಡಿಸುವ ಅಭ್ಯಾಸ ಹಲವರಿಗಿದೆ. ಕೆಳಗೇ ಕಾದ ಎಕ್ಸಾಸ್ಟ್ ಇರುವಾಗ ಅದು ಬೆಂಕಿಯ ಜೊತೆ ಸರಸ. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ಜಾಯಿಂಟ್‌ಗಳಿಗೆ ನೀರಿನ ಮಂಜು ಬಿಡಿ, ಡಿಸ್ಟ್ರಿಬ್ಯೂಟರ್ ಕಡೆಗೆ ಹಾರದಂತೆ ನೋಡಿಕೊಳ್ಳಿ. ಸಂದಿನಲ್ಲಿ ನೀರು ತುಂಬಿಕೊಂಡ ಕ್ಷಣ ಎಂಜಿನ್‌ನ ದನಿ ಬದಲಾಗುತ್ತದೆ. ಅಡಾಪ್ಟರ್‌ನ ಮೂರೂ ಪದರಗಳು, ಮ್ಯಾನಿಫೋಲ್ಡ್ ಹೆಡ್‌ಗೆ ಸೇರುವ ಜಾಗ, ಬೂಸ್ಟರ್ ಪೈಪ್, ಯಾವುದನ್ನೂ ಬಿಡಬೇಡಿ.

## ರಸ್ತೆಯ ಮೇಲೆ

ಇಷ್ಟೆಲ್ಲ ಸರಿಯಾದ ಮೇಲೆ ಮಾತ್ರ ಜೆಟ್‌ಗಳ ಮಾತು. ವೆಬರ್ ಜೆಟ್‌ನ ಮೇಲಿನ ಅಂಕಿ ತೂತಿನ ವ್ಯಾಸವನ್ನು ಮಿಲಿಮೀಟರ್‌ನ ನೂರನೇ ಭಾಗಗಳಲ್ಲಿ ಹೇಳುತ್ತದೆ; 140 ಎಂದರೆ 1.40 ಮಿಲಿಮೀಟರ್. 140ರಿಂದ 145ಕ್ಕೆ ಹೋದರೆ ವ್ಯಾಸ ಹೆಚ್ಚಿದ್ದು ಅತ್ಯಲ್ಪ ಎನಿಸಬಹುದು, ತೂತಿನ ವಿಸ್ತಾರ ಮಾತ್ರ ಶೇ 7ರಷ್ಟು ಹೆಚ್ಚಾಗಿರುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದೇ ಸೈಜ್, ಒಂದು ಸಲಕ್ಕೆ ಒಂದೇ ಬದಲಾವಣೆ. ಡ್ರಿಲ್ ಬಿಟ್‌ನಿಂದ ತೂತು ದೊಡ್ಡದು ಮಾಡುವುದು, ತಂತಿ ತೂರಿಸಿ ಶುಚಿ ಮಾಡುವುದು ಎರಡೂ ಜೆಟ್ ಕೆಡಿಸುವ ದಾರಿಗಳು.

ಯಾವ ಹಂತದಲ್ಲಿ ತೊಂದರೆ ಎಂಬುದು ಯಾವ ಭಾಗ ತಪ್ಪಾಗಿದೆ ಎಂದು ಹೇಳುತ್ತದೆ. ನಿಂತ ಕಾರು ಹೊರಡುವಾಗ ತೊದಲಿದರೆ ಲಿವರ್ ಎಳೆದಾಗ ಚಿಮ್ಮುವ ಪೆಟ್ರೋಲ್ ಎಳೆ ಅಥವಾ ಐಡ್ಲ್ ಜೆಟ್ ನೋಡಿ. ಒಂದೇ ವೇಗದಲ್ಲಿ ಹೋಗುವಾಗ ಹಗ್ಗದಲ್ಲಿ ಎಳೆದು ಬಿಟ್ಟಂತೆ ಜಗ್ಗಿದರೆ ಪೆಟ್ರೋಲ್ ಸಾಲುತ್ತಿಲ್ಲ. ಸ್ವಲ್ಪ ಹೊತ್ತು ನಿಂತು ಹೊರಟಾಗ ಕಪ್ಪು ಹೊಗೆ ಬಂದರೆ ಜೆಟ್ ಮುಟ್ಟುವ ಮೊದಲು ಪೆಟ್ರೋಲ್ ಒತ್ತಡ ಮತ್ತು ಬಟ್ಟಲಿನಲ್ಲಿ ತೇಲುವ ಫ್ಲೋಟ್‌ನ ಮಟ್ಟ ಅಳೆಯಿರಿ. ಎಕ್ಸಾಸ್ಟ್ ಹೊಗೆಯಿಂದ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಗೇಜ್ ಇದ್ದವರಿಗೆ ಪೂರ್ತಿ ಪೆಡಲ್ ಒತ್ತಿದಾಗ ಗಾಳಿ-ಪೆಟ್ರೋಲ್ ಅನುಪಾತ 12.5ರಿಂದ 13, ಸಮವೇಗದಲ್ಲಿ 14ರಿಂದ 15 ಕಂಡರೆ ಸಾಕು. ಇಲ್ಲದವರು ಪ್ಲಗ್ ಓದಬಹುದು. ಪೂರ್ತಿ ಪೆಡಲ್‌ನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಒತ್ತಿ, ಎಂಜಿನ್ ಆರಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಬಿಚ್ಚಿ ನೋಡಬೇಕು. ಸ್ಟೀರಿಂಗ್ ಲಾಕ್ ಇರುವ ಕಾರಾದರೆ ಕೀಯನ್ನು ಲಾಕ್‌ವರೆಗೆ ತಿರುಗಿಸಬಾರದು, ಬ್ರೇಕ್ ಬೂಸ್ಟರ್ ಇದ್ದರೆ ಅದರ ನೆರವು ಒಂದೆರಡು ಒತ್ತಿಗಷ್ಟೇ ಉಳಿಯುತ್ತದೆ ಎಂಬ ಎಚ್ಚರವಿರಲಿ. ಪ್ಲಗ್ ತುದಿ ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ಒಳ್ಳೆಯದು, ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ. ಬೆಳ್ಳಗಿರುವುದನ್ನು ಕಂಡ ಮೇಲೆ ಮತ್ತೆ ಜೋರಾಗಿ ಓಡಿಸಬೇಡಿ, ಪಿಸ್ಟನ್ ಕರಗುವುದು ಹೀಗೆಯೇ.

ಎರಡು ಮೂರು ಸಲ ಪೂರ್ತಿ ಬಿಸಿಯಾಗಿ ತಣ್ಣಗಾದ ಮೇಲೆ ಗ್ಯಾಸ್ಕೆಟ್‌ಗಳು ತುಸು ಕುಗ್ಗಿರುತ್ತವೆ. ತಣ್ಣಗಿನ ಎಂಜಿನ್‌ನಲ್ಲಿ ಕಾರ್ಬ್ಯುರೇಟರ್ ನಟ್‌ಗಳನ್ನು ಮೊದಲಿನ ಅಳತೆಗೇ ಮತ್ತೆ ಬಿಗಿದು, ಪೆಟ್ರೋಲ್ ಪೈಪಿನ ಕ್ಲಿಪ್‌ಗಳನ್ನು ನೋಡಿ, ಐಡ್ಲಿಂಗ್ ಇನ್ನೊಮ್ಮೆ ಹೊಂದಿಸಿ. 500 ಕಿಲೋಮೀಟರ್ ಆದ ಮೇಲೆ ಇದನ್ನೇ ಪುನಃ ಮಾಡಿ. ಆಗಿನ ವ್ಯಾಕ್ಯೂಮ್ ಅಂಕಿ, ಎರಡೂ ಸ್ಕ್ರೂಗಳ ಸುತ್ತುಗಳು, ಪೆಟ್ರೋಲ್ ಒತ್ತಡ, ಒಳಗಿರುವ ಜೆಟ್‌ಗಳ ನಂಬರುಗಳನ್ನು ಒಂದು ದಪ್ಪ ಕಾಗದದ ಮೇಲೆ ಬರೆಯಿರಿ. ಹಳೆಯ ಕಾರ್ಬ್ಯುರೇಟರ್‌ನ ಪೆಟ್ರೋಲ್ ಪೂರ್ತಿ ಬಸಿದು, ಒಣಗಿಸಿ, ಅದರ ನಟ್ಟು ಲಿಂಕ್‌ಗಳ ಸಮೇತ ಡಬ್ಬಿಗೆ ಹಾಕಿ, ಆ ಕಾಗದವನ್ನು ಅದರ ಜೊತೆಗಿಡಿ.